ನಲ್ಲಗುಟ್ಟಪಲ್ಲಿಯ ನೈಟ್ ಹಾಲ್ಟ್

ಬೆಳಗ್ಗೆ ಆರಕ್ಕೆಲ್ಲ ಗೌರಿಬಿದನೂರು ಬಿಡಬೇಕೆಂದು ಮಾತಾಗಿತ್ತು. ಬಿಟ್ಟದ್ದು ಒಂಬತ್ತು ದಾಟಿದ ಮೇಲೆ. ಡಿಸೆಂಬರಿನ ಮಂಜು ಪೂರ್ತಿ ಕರಗಿ, ನಮ್ಮ ಮನೆಯೆದುರಿನ ಹುಣಸೆಮರ ಬುಡದಿಂದ ತುದಿಯವರೆಗೆ ಕಾಣುವ ತನಕ ಗಾಡಿಯ ಕೀಲಿಕೈ ಕೊಡುವುದಿಲ್ಲವೆಂದು ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದೆ. ನಮ್ಮ ಯಜಮಾನರು ಜಗಲಿಯ ಮೇಲೆ ಡ್ಯೂಟಿಗೆ ತಡವಾದವರ ಮುಖ ಮಾಡಿಕೊಂಡು ಎರಡು ಸಲ ಕಾಫಿ ಕುಡಿದರು. ಪಕ್ಕದ ಮನೆಯವರು ಎಲ್ಲಿಗೆ ಪ್ರಯಾಣ ಎಂದು ಕೇಳಿದಾಗ, ಊರು ನೋಡೋಕೆ ಎಂದಷ್ಟೇ ಹೇಳಿದರು.

ಊರು ನೋಡುವ ಕಣ್ಣೇ ಹೋಗುತ್ತಿತ್ತು ಎನ್ನುವುದು ನಮ್ಮಿಬ್ಬರಿಗೆ ಮತ್ತು ತುಮಕೂರಿನಲ್ಲಿರುವ ಮಗಳಿಗೆ ಮಾತ್ರ ಗೊತ್ತಿದ್ದ ಸಂಗತಿ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದ ಇವರಿಗೆ ಆ ವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದ್ದರು. ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗಿದೆ. ಎದುರಿಗಿರುವುದು ಕಾಣುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಉಳಿದಿರುವ ನೋಟವೂ ಬರಬರುತ್ತ ಕಿರಿದಾಗುತ್ತದೆ. ಇನ್ನು ಸ್ಟೀರಿಂಗ್ ಮುಟ್ಟಬಾರದು. ಇವರು ಎಲ್ಲಕ್ಕೂ ತಲೆಯಾಡಿಸಿದರು. ಬಸ್ಸು ಹತ್ತಿ ಊರಿಗೆ ಬಂದು, ಚಪ್ಪಲಿ ಬಿಡುವ ಮುಂಚೆಯೇ, ಒಂದೇ ಒಂದು ಸುತ್ತು ಹಳೆಯ ರೂಟಿನಲ್ಲಿ ಹೋಗಿ ಬಂದುಬಿಡುತ್ತೇನೆ, ಆಮೇಲೆ ಮುಟ್ಟುವುದಿಲ್ಲ ಎಂದರು. ಮಗಳು ಫೋನಿನಲ್ಲಿ ಅತ್ತಳು, ಬೈದಳು. ನಾನೂ ಆರು ತಿಂಗಳು ಬೈದೆ. ಕೊನೆಗೆ, ನಾನು ಬೈಯುವುದನ್ನು ಕೇಳುತ್ತ ಗೋಡೆ ನೋಡಿಕೊಂಡು ಕೂರುವ ಆ ಮನುಷ್ಯನನ್ನು ನೋಡಲಾರದೆ ಒಪ್ಪಿಕೊಂಡೆ.

ಗಾಡಿಯ ವಿಷಯ ಹೇಳಬೇಕು. ವಿದೇಶದಲ್ಲಿ ಜನ ಮಂಚ, ಒಲೆ, ಪಾತ್ರೆ ಎಲ್ಲ ಇರುವ ವ್ಯಾನಿನಲ್ಲಿ ಊರೂರು ತಿರುಗುತ್ತಾರೆಂದು ಇವರು ಪೇಪರಿನಲ್ಲಿ ಓದಿದ್ದರು. ಗ್ಯಾರೇಜಿನ ಸ್ನೇಹಿತರೊಬ್ಬರ ಬಳಿ ಸ್ಕೂಲು ಮಕ್ಕಳನ್ನು ಹೊತ್ತು ಸವೆದ ಹಳೆಯ ಮ್ಯಾಟಡೋರ್ ಒಂದಿತ್ತು. ಅದರ ಬೆಂಚು ಕಿತ್ತು ಹಗ್ಗದ ಮಂಚ ಕೂರಿಸಿದರು. ಮೂಲೆಗೆ ಪುಟ್ಟ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳಿಗೆ ಪರದೆ ಹೊಲಿಯುವ ಕೆಲಸ ತಾನಾಗಿಯೇ ಬಂತು. ಇರುವ ಮನೆಯನ್ನು ಗುಡಿಸಿ ಸಾರಿಸಿಯೇ ಸೊಂಟ ಬಿದ್ದುಹೋಗಿದೆ, ಇನ್ನು ಓಡಾಡುವ ಮನೆ ಬೇರೆ ಎಂದು ಗೊಣಗಿದೆ. ಇವರು, “ಈ ಮನೆ ನಾನೇ ಗುಡಿಸ್ತೀನಿ ಟೀಚರಮ್ಮ” ಎಂದರು. ಗುಡಿಸಲಿಲ್ಲ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾರಿಯಲ್ಲಿ ಇವರು ಬಸ್ಸು ಓಡಿಸಿದ್ದು ಒಂದು ಆಯುಷ್ಯ. ಆದರೆ ಆ ದಾರಿಯ ಯಾವ ಗುಡಿಯೊಳಗೂ ಕಾಲಿಟ್ಟವರಲ್ಲ, ಯಾವ ಬೆಟ್ಟವನ್ನೂ ಹತ್ತಿದವರಲ್ಲ. ಬಸ್ಸು ನಿಂತರೆ ಇಳಿಯುವುದು, ಟೀ ಕುಡಿಯುವುದು, ಟೈರಿಗೆ ಒಂದು ಒದೆ ಕೊಟ್ಟು ನೋಡುವುದು, ಮತ್ತೆ ಹತ್ತುವುದು. ಸಾವಿರಾರು ಜನರನ್ನು ದೇವರ ಬಾಗಿಲಿಗೆ ಇಳಿಸಿ ಬಂದ ಮನುಷ್ಯ ದೇವರನ್ನು ನೋಡಿರಲಿಲ್ಲ. ಈ ಸಲ ನಂದಿಯ ಗುಡಿ, ಕೈವಾರದ ಮಠ ನೋಡುವುದು, ನಡುವೆ ಒಂದು ರಾತ್ರಿ ಇವರ ಹಳೆಯ ಹಾಲ್ಟಿನ ಊರಾದ ನಲ್ಲಗುಟ್ಟಪಲ್ಲಿಯಲ್ಲಿ ಉಳಿಯುವುದು ಎಂದು ನಿಶ್ಚಯವಾಯಿತು.

ನಮ್ಮ ಏರ್ಪಾಡು ಹೀಗಿತ್ತು. ನಾನು ಮುಂದೆ ಎಡಗಡೆ ಸೀಟಿನಲ್ಲಿ ಕೂತು ಎರಡೂ ಪಕ್ಕ ನೋಡುತ್ತಿರಬೇಕು. ಏನೂ ಇಲ್ಲದಿದ್ದರೆ ‘ರೈಟ್’ ಎನ್ನಬೇಕು, ಇದ್ದರೆ ‘ಹೋಲ್ಡಾನ್’ ಎನ್ನಬೇಕು. ಕಂಡಕ್ಟರುಗಳು ಹೇಳುವ ಮಾತುಗಳೇ ಇವು. ಬೇರೆ ಮಾತು ಇವರ ಕಿವಿಗೆ ನಾಟುವುದಿಲ್ಲ. ಮೂವತ್ತರ ಮೇಲೆ ಸ್ಪೀಡು ಏರಕೂಡದು, ಹೊತ್ತು ಮುಳುಗಿದ ಮೇಲೆ ಗಾಡಿ ಕದಲಕೂಡದು ಎನ್ನುವುದು ನನ್ನ ಕಟ್ಟಪ್ಪಣೆ. ಐನೂರು ರೂಪಾಯಿಗೆ ಡೀಸೆಲ್ ಹಾಕಿಸಿ ಹೊರಟೆವು. ತೊಂಡೇಬಾವಿ ಮುಟ್ಟುವಷ್ಟರಲ್ಲಿ ರೈಟ್ ರೈಟ್ ಎಂದು ನನ್ನ ಗಂಟಲು ಒಣಗಿತ್ತು. ಅಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ರೈಲು ಹಾದುಹೋಗುವವರೆಗೂ ಇವರು ತಲೆಯನ್ನು ಎಡದಿಂದ ಬಲಕ್ಕೆ ತಿರುಗಿಸಿ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ಮೊದಲಾಗಿದ್ದರೆ ಸ್ಟೀರಿಂಗ್ ಮೇಲೆ ಬೆರಳು ಕುಟ್ಟುತ್ತಿದ್ದರು.

ಮಂಚೇನಹಳ್ಳಿ ದಾಟಿದ ಮೇಲೆ ನೇರ ರಸ್ತೆಯಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಕೈ ಅಡ್ಡ ಹಾಕಿದರು. ದೂರದಿಂದಲೇ ಇವರಿಗೆ ಕಂಡಿತ್ತು. ನಾನು ಏನು ಎತ್ತ ಎನ್ನುವ ಮೊದಲೇ ಗಾಡಿ ಸರಿಯಾಗಿ ಅವರ ಕಾಲ ಬುಡದಲ್ಲಿ ನಿಂತಿತು. ಅವರು ಕೋಳಿಯ ಸಮೇತ ಹತ್ತಿ ನಮ್ಮ ಮಂಚದ ಮೇಲೆ ಕೂತು, ಚಿಕ್ಕಬಳ್ಳಾಪುರಕ್ಕೆ ಎರಡು ಎಂದು ಕಾಸು ಚಾಚಿದರು. ನಾನು ಇವರ ಮುಖ ನೋಡಿದೆ. ಕೈ ಎತ್ತಿದವರನ್ನು ಬಿಟ್ಟು ಹೋಗಿ ಗೊತ್ತಿಲ್ಲ ಎಂದರು. ಅದು ನಿಜ. ಬಸ್ಸು ತುಂಬಿ ತುಳುಕುತ್ತಿದ್ದರೂ, ಸ್ಟಾಪು ಇಲ್ಲದ ಕಡೆ ನಿಂತವರಾದರೂ, ಎತ್ತಿದ ಕೈಯನ್ನು ಹಿಂದೆ ಹಾಕಿ ಬಂದವರಲ್ಲ ಎಂದು ಇಡೀ ರೂಟಿನಲ್ಲಿ ಇವರಿಗೆ ಹೆಸರಿತ್ತು. ಮೆಮೊ ತಿಂದಿದ್ದರೂ ಆ ಹೆಸರಿನ ಮೇಲೆ ಇವರಿಗೆ ಬಹಳ ಆಸೆ.

ಚಿಕ್ಕಬಳ್ಳಾಪುರ ಆ ವರ್ಷವೇ ಜಿಲ್ಲೆಯಾಗಿತ್ತು. ಅಂಗಡಿ ಬೋರ್ಡುಗಳಲ್ಲಿ ಕೋಲಾರ ಜಿಲ್ಲೆ ಎನ್ನುವುದರ ಮೇಲೆ ಬಿಳಿ ಬಣ್ಣ ಬಳಿದು ಹೊಸ ಹೆಸರು ಬರೆಯುತ್ತಿದ್ದರು. ಹೋಟೆಲಿನಲ್ಲಿ ಇಡ್ಲಿ ತಿಂದು ನಂದಿಗೆ ತಿರುಗಿದೆವು. ಮೋಡ ಕವಿದು ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಭೋಗನಂದೀಶ್ವರನ ಗುಡಿ ಬೆಟ್ಟದ ಬುಡದಲ್ಲೇ ಇದೆ. ಟೀ ಅಂಗಡಿಯ ಶೀಟಿನ ಮೇಲೆ ಗೋಪುರದ ತುದಿ ಕಾಣುತ್ತಿತ್ತು, ನಾನು ನೋಡಿದ್ದು ಅಷ್ಟೇ ಎಂದು ಇವರು ಹೇಳಿದರು. ಒಳಗೆ ಹೋದರೆ ಅಂಗಳದ ಆಚೆಗೆ ಅಂಗಳ, ಸಾಲು ಮಂಟಪ, ಕಪ್ಪು ಕಲ್ಲಿನ ಕಂಬಗಳ ಮೇಲೆ ಬಳ್ಳಿ, ಗಿಳಿ. ಇವರು ಒಂದೊಂದು ಕಂಬದ ಮುಂದೆಯೂ ನಿಂತು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಮುಖ ಆಡಿಸುತ್ತ ನೋಡಿದರು. ಅರ್ಚಕರು ಮಂಗಳಾರತಿ ತಟ್ಟೆಯನ್ನು ಪಕ್ಕಕ್ಕೆ ಹಿಡಿದಾಗ ಇವರಿಗೆ ತಿಳಿಯಲೇ ಇಲ್ಲ. ನಾನು ಇವರ ಕೈ ಹಿಡಿದು ತಟ್ಟೆಯ ಕಡೆ ಒಯ್ದೆ. ಅರ್ಚಕರು ನಮ್ಮನ್ನು ವಿಚಿತ್ರವಾಗಿ ನೋಡಿದರು.

ಹಿಂದಿನ ಅಂಗಳದ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಾಗ ಸಂಜೆಯಾಗಿತ್ತು. ನೀರು ಹಸಿರಾಗಿ ನಿಂತಿತ್ತು. ನಾಲ್ಕೂ ಕಡೆ ಮೆಟ್ಟಿಲು ಇಳಿದು ಬರುವ ಆ ಜಾಗ ಎಷ್ಟು ಚೆಂದವೆಂದು ನಾನು ಹೇಳಿದೆ.

“ನಿಂಗೆ ಒಟ್ಟಿಗೆ ಕಾಣ್ತದಲ್ಲ” ಎಂದರು. “ನಂಗೆ ಮೆಟ್ಲು ನೋಡಿದ್ರೆ ನೀರಿಲ್ಲ, ನೀರು ನೋಡಿದ್ರೆ ಮೆಟ್ಲಿಲ್ಲ.”

ಆ ರಾತ್ರಿ ಗುಡಿಯ ಹೊರಗಿನ ಬಯಲಿನಲ್ಲಿ ಗಾಡಿ ನಿಲ್ಲಿಸಿ ಉಪ್ಪಿಟ್ಟು ಮಾಡಿದೆ. ಬಾಗಿಲ ಸಂದಿಯಿಂದ ಗಾಳಿ ನುಗ್ಗಿ ಒಲೆ ಎರಡು ಸಲ ಆರಿತು. ಬೆಂಗಳೂರಿನಿಂದ ಬಂದ ನಾಲ್ಕು ಜನ ಕಾಲೇಜು ಹುಡುಗಿಯರು ಗಾಡಿಯೊಳಗೆ ಇಣುಕಿ, ಅಂಕಲ್ ಆಂಟಿ ನೀವು ತುಂಬಾ ಲಕ್ಕಿ ಎಂದು ಹೇಳಿ ಫೋಟೋ ತೆಗೆದುಕೊಂಡು ಹೋದರು. ಇವರು ಫೋಟೋಗೆ ನಕ್ಕರು. ಮಂಚ ಒಬ್ಬರಿಗೆ ಸಾಲುವಂಥದ್ದು ಎನ್ನುವುದು ಮಲಗುವಾಗ ಗೊತ್ತಾಯಿತು.

ಎರಡನೆಯ ದಿನ ಬೆಳಗಿನಿಂದಲೇ ತುಂತುರು ಮಳೆ. ಶಿಡ್ಲಘಟ್ಟದ ದಾರಿಯ ಎರಡೂ ಬದಿ ಹಿಪ್ಪುನೇರಳೆ ತೋಟಗಳು ನೆನೆದು ನಿಂತಿದ್ದವು. ಇವರ ಜೊತೆ ಬಹುಕಾಲ ಕಂಡಕ್ಟರ್ ಆಗಿದ್ದ ಬಾಬಾಜಾನ್ ಸಾಹೇಬರ ಮನೆ ಶಿಡ್ಲಘಟ್ಟದಲ್ಲಿದೆ. ನಿವೃತ್ತಿಯ ನಂತರ ಅವರು ಅಣ್ಣನ ಮಕ್ಕಳ ಜೊತೆ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನೋಡಿಕೊಂಡಿದ್ದಾರೆ. ಅವರ ಓಣಿಗೆ ಹೊಕ್ಕರೆ ಗೂಡು ಬೇಯಿಸುವ ಹಬೆ, ಅದರ ಜೊತೆಗೆ ಬೆಂದ ಹುಳುವಿನ ವಾಸನೆ. ಅವರು ನಮ್ಮನ್ನು ಗೂಡಿನ ಮಾರುಕಟ್ಟೆಗೆ ಕರೆದೊಯ್ದು ತೋರಿಸಿದರು. ದೊಡ್ಡ ಶೆಡ್ಡಿನ ತುಂಬ ಜಾಲರಿ ತಟ್ಟೆಗಳು, ತಟ್ಟೆಗಳ ತುಂಬ ತಿಳಿಹಳದಿ ಗೂಡಿನ ರಾಶಿ, ನಡುವಿನ ಕಿರಿದಾದ ದಾರಿಯಲ್ಲಿ ನೂರಾರು ಜನ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕೂಗಾಟ. ಯಾರೋ ಪಕ್ಕದಿಂದ ಮೂಟೆ ಹೊತ್ತು ಬಂದು ಇವರಿಗೆ ಡಿಕ್ಕಿ ಹೊಡೆದರು. ನೋಡಿಕೊಂಡು ನಡೆಯೋ ಯಜಮಾನ ಎಂದು ಬೈಸಿಕೊಂಡು ಇವರು ಸುಮ್ಮನೆ ಪಕ್ಕಕ್ಕೆ ಸರಿದರು. ಬಾಬಾಜಾನ್ ಅದನ್ನು ಗಮನಿಸಲಿಲ್ಲ.

ಕಣ್ಣಿನ ವಿಷಯ ಬಾಬಾಜಾನ್‌ಗೆ ಹೇಳಬಾರದೆಂದು ಹಿಂದಿನ ದಿನವೇ ನನಗೆ ತಾಕೀತಾಗಿತ್ತು. ಅವರ ಮನೆಯಲ್ಲಿ ಊಟ ಮಾಡಿ ಹೊರಡುವಾಗ, ಬಾಬಾಜಾನ್ ಟೋಪಿ ಸರಿಮಾಡಿಕೊಂಡು ತಾವೂ ನಲ್ಲಗುಟ್ಟಪಲ್ಲಿಗೆ ಬರುವುದಾಗಿ ಹೇಳಿದರು. ಊರಿಗೆ ಆಗಲೇ ಫೋನು ಮಾಡಿ ತಿಳಿಸಿಬಿಟ್ಟಿದ್ದರು. ಸಲೀಸಾಗಿ ಮುಂದಿನ ಎಡಗಡೆ ಸೀಟಿನಲ್ಲಿ ಕೂತರು. ನಾನು ಹಿಂದೆ ಮಂಚದ ಮೇಲೆ ಕೂರಬೇಕಾಯಿತು. ಹತ್ತುವ ಮುಂಚೆ ಗಾಡಿಯ ಹಿಂದುಗಡೆ ಇವರನ್ನು ನಿಲ್ಲಿಸಿಕೊಂಡು, ಅವರಿಗೆ ಹೇಳಿಬಿಡೋಣ, ಇಲ್ಲವೇ ನಾನೇ ಮುಂದೆ ಕೂರುತ್ತೇನೆ ಎಂದು ಕೇಳಿಕೊಂಡೆ. ಕಂಡಕ್ಟರ್ ಸೀಟಿನಿಂದ ಬಾಬಾಜಾನ್‌ನನ್ನು ಎಬ್ಬಿಸುವುದು ಹೇಗೆ ಎಂದರು. ಆ ರಸ್ತೆಯನ್ನು ಕಣ್ಣು ಮುಚ್ಚಿಕೊಂಡು ಓಡಿಸುತ್ತೇನೆ ಎಂದೂ ಹೇಳಿದರು.

ನೈಟ್ ಹಾಲ್ಟ್ ಎಂದರೆ ಏನೆಂದು ಪಟ್ಟಣದವರಿಗೆ ಗೊತ್ತಿರಲಿಕ್ಕಿಲ್ಲ. ಸಂಜೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ವಾಪಸು ಬರುವುದಿಲ್ಲ. ಅಲ್ಲೇ ಉಳಿದು ಬೆಳಗ್ಗೆ ಮೊದಲ ಬಸ್ಸಾಗಿ ಹೊರಡುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನ ಸೀಟಿನ ಮೇಲೆಯೇ ಮಲಗುತ್ತಾರೆ. ಅವರ ಊಟ ಊರಿನವರ ಪಾಲಿನದು. ನಲ್ಲಗುಟ್ಟಪಲ್ಲಿಯಲ್ಲಿ ಮೊದಮೊದಲು ಮನೆಗೊಂದು ದಿನ ಸರದಿ ಇತ್ತಂತೆ. ಆಮೇಲೆ ಬಸ್ಸು ನಿಲ್ಲುವ ಜಾಗದ ಪಕ್ಕದ ಮನೆಯ ನಾರಾಯಣಮ್ಮ, ಸರದಿ ಗಿರದಿ ಬೇಡ, ನಾನೇ ಹಾಕುತ್ತೇನೆ ಎಂದು ಆ ಕೆಲಸವನ್ನು ತಮ್ಮದಾಗಿಸಿಕೊಂಡರು. ನಾನು ಅವರನ್ನು ಕಂಡಿರಲಿಲ್ಲ, ಅವರ ಹುರುಳಿಕಾಳಿನ ಬಸ್ಸಾರನ್ನು ಮಾತ್ರ ಮದುವೆಯಾದಾಗಿನಿಂದ ಕೇಳಿ ಬಲ್ಲೆ. ನನ್ನ ಸಾರು ಯಾವತ್ತೂ ಅದಕ್ಕೆ ಒಂದು ಗುಟುಕು ಕಮ್ಮಿ. ಆ ಹೆಂಗಸಿನ ಮೇಲೆ ನನಗೆ ಸಣ್ಣದೊಂದು ಹೊಟ್ಟೆಕಿಚ್ಚು ಇತ್ತೆಂದು ಹೇಳಿಬಿಡುವುದು ವಾಸಿ.

ಮಳೆ ನಿಂತಿತ್ತು. ಬಾಬಾಜಾನ್ ಹಿಂದೆ ತಿರುಗಿ ಕೂತು ದಾರಿಯುದ್ದಕ್ಕೂ ನನಗೆ ಹಳೆಯ ಕಥೆ ಹೇಳಿದರು. ಚಿಂತಾಮಣಿ ರಸ್ತೆ ಬಿಟ್ಟು ಊರಿನ ಕಡೆಗೆ ತಿರುಗುವ ಕ್ರಾಸಿನಲ್ಲಿ ಒಂದು ಮುರುಕು ಸೇದುವ ಬಾವಿ, ಒಂದು ಬೇವಿನ ಮರ ಇದ್ದವು. ಗಾಡಿ ಅಲ್ಲಿ ಎಡಕ್ಕೆ ಹೊರಳಿಕೊಂಡಿತು. ಸ್ವಲ್ಪ ದೂರ ಹೋದ ಮೇಲೆ ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತ ವಯಸ್ಸಾದ ಹೆಂಗಸೊಬ್ಬರು ಬೇವಿನ ಮರದ ಕೆಳಗೆ, ರಸ್ತೆಯ ಅಂಚಿನಲ್ಲೇ, ಒಂದು ಕೈ ಎತ್ತಿಕೊಂಡು ನಿಂತಿದ್ದರು. ಹಾಗೆಯೇ ಚಿಕ್ಕವರಾಗುತ್ತ ಹೋದರು. ಹೋಗುವ ಗಾಡಿಗೆಲ್ಲ ಕೈ ಬೀಸುವವರು ಹಳ್ಳಿಯಲ್ಲಿ ಇರುತ್ತಾರೆ, ಅಂಥವರಿರಬೇಕು ಎಂದುಕೊಂಡೆ.

ನಲ್ಲಗುಟ್ಟ ಎಂದರೆ ಈ ಕಡೆಯ ತೆಲುಗಿನಲ್ಲಿ ಕರಿಗುಡ್ಡ. ಹೆಸರಿಗೆ ತಕ್ಕಂತೆ ಊರಿನ ಬೆನ್ನಿಗೆ ಮಳೆಯಲ್ಲಿ ತೊಳೆದ ಕಪ್ಪು ಬಂಡೆ ನಿಂತಿತ್ತು. ಸ್ಕೂಲಿನ ಮುಂದಿನ ಬಯಲಿನಲ್ಲಿ, ಮೊದಲು ಬಸ್ಸು ನಿಲ್ಲಿಸುತ್ತಿದ್ದ ಜಾಗದಲ್ಲೇ, ಇವರು ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದರು. ನಾನು ದೇವರಿಗೆ ಕೈ ಮುಗಿದೆ. ಜನ ಸೇರಿದರು. ಡ್ರೈವರಣ್ಣ ಬಂದ ಎಂದು ಮನೆ ಮನೆಗೂ ಸುದ್ದಿ ಹೋಯಿತು. ಕೆಲವರು ಗಾಡಿಯೊಳಗೆ ಹತ್ತಿ ಮಂಚ ಒತ್ತಿ ನೋಡಿದರು, ಒಲೆ ಹಚ್ಚಿ ನೋಡಿದರು. ಇವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಗೆಲುವು ಇತ್ತು. ಅದನ್ನು ನೋಡಿ, ಬಂದದ್ದು ಒಳ್ಳೆಯದಾಯಿತು ಎಂದು ನನಗೂ ಅನಿಸಿತು.

ಊರಿನವರು ನಾಟಕ ಎತ್ತಿಕೊಂಡಿದ್ದರು. ಸಂಜೆ ಕತ್ತಲಾಗುತ್ತಲೇ ಹಾರ್ಮೋನಿಯಂ ಮೇಷ್ಟರು ಬಂದು ಜಗಲಿಯ ಮೇಲೆ ಕೂತರು, ತಾಲೀಮು ಶುರುವಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಹಳಬರೆಲ್ಲ ನಗಲು ಶುರು ಮಾಡಿದರು. ಕರೆಂಟು ಹೋದ ದಿನ ಹಾಲ್ಟ್ ಬಸ್ಸಿನ ಲೈಟಿನಲ್ಲಿ ತಾಲೀಮು ಮಾಡುವುದು ಆ ಊರಿನ ಪದ್ಧತಿಯಾಗಿತ್ತಂತೆ. ಬ್ಯಾಟರಿ ಇಳಿದು, ಬೆಳಗ್ಗೆ ಧರ್ಮರಾಯ, ದುರ್ಯೋಧನ ಎಲ್ಲ ಸೇರಿ ಬಸ್ಸು ತಳ್ಳಬೇಕಾಗುತ್ತಿತ್ತಂತೆ. ಲೈಟ್ ಹಾಕಣ್ಣ ಎಂದು ಎಲ್ಲರೂ ಕೇಳಿದರು. ಇವರು ಗಾಡಿಯನ್ನು ಒಂದಿಷ್ಟು ತಿರುಗಿಸಿ ದೀಪ ಹಾಕಿದರು. ಊರಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುವ ಮುನಿಕೃಷ್ಣ ಎಂಬಾತ ಭೀಮನಾಗಿ, ಪ್ಯಾಂಟು ಶರ್ಟಿನಲ್ಲೇ ಮರದ ಗದೆ ಹೊತ್ತು ಆ ಬೆಳಕಿಗೆ ಬಂದು ನಿಂತು, ದೊಡ್ಡ ದನಿಯಲ್ಲಿ ಪದ ಎತ್ತಿದ. ಅರ್ಧ ಕನ್ನಡ, ಅರ್ಧ ತೆಲುಗು. ಇಡೀ ಪ್ರವಾಸದಲ್ಲಿ ನಾನು ಮೈಮರೆತು ನೋಡಿದ್ದು ಅದೊಂದನ್ನೇ.

ಭೀಮನ ಪದ ಮುಗಿಯುವ ಮುಂಚೆ, ಬೆಳಕಿನ ಆಚೆಯಿಂದ ಸೊಪ್ಪಿನ ಹೊರೆ ಹೊತ್ತ ಆ ಹೆಂಗಸು ನಡೆದು ಬಂದರು. ಹೊರೆಯನ್ನು ನೆಲಕ್ಕೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ನೇರವಾಗಿ ಇವರ ಮುಂದೆ ನಿಂತರು. ಹಾರ್ಮೋನಿಯಂ ನಿಂತಿತು.

“ಏಮಪ್ಪಾ ಡ್ರೈವರಪ್ಪ” ಎಂದರು. “ನೀನು ಬರ್ತೀಯಂತ ಕ್ರಾಸಲ್ಲಿ ಕಾದು ನಿಂತಿದ್ದೆ. ಮೊದ್ಲಿನ ಹಂಗೆ ನಿನ್ನ ಗಾಡೀಲೇ ಬರಣ ಅಂತ. ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ದೆ ಹೋದ್ಯಲ್ಲಪ್ಪ.”

ಅವರೇ ನಾರಾಯಣಮ್ಮ ಎಂದು ನನಗೆ ಆಗ ತಿಳಿಯಿತು. ಕೋಪದ ದನಿಯಲ್ಲ ಅದು. ನೊಂದಿದ್ದರು. ಅಷ್ಟು ದೂರ ಆ ಹೊರೆಯ ಸಮೇತ ನಡೆದು ಬಂದಿದ್ದರು. ಇವರು ಸೀಟಿನಿಂದ ಇಳಿದು ನಿಂತರು. ಎಲ್ಲರೂ ಇವರನ್ನೇ ನೋಡುತ್ತಿದ್ದರು. ಎತ್ತಿದ ಕೈಯನ್ನು ಹಿಂದೆ ಹಾಕಿ ಬರುವವನಲ್ಲ ಎನ್ನುವ ಆ ಹೆಸರು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಬ್ರೇಕ್ ಹಿಡಿಯಲಿಲ್ಲಮ್ಮ ಎಂದು ಇವರು ಮೆಲ್ಲಗೆ ಹೇಳಿದರು.

ಹೇಳಬಾರದಿತ್ತು. ಹಳ್ಳಿಯ ಜನ ಅಂಥ ಮಾತನ್ನು ಅಲ್ಲಿಗೇ ಬಿಡುವವರಲ್ಲ. ಬ್ರೇಕ್ ಹಿಡಿಯದ ಗಾಡಿಯಲ್ಲಿ ಡ್ರೈವರಣ್ಣನನ್ನು, ಹೆಣ್ಣುಮಗಳೊಬ್ಬಳನ್ನು ನಾಳೆ ಹೇಗೆ ಕಳಿಸುವುದು ಎಂದು ಎಲ್ಲರಿಗೂ ಚಿಂತೆಯಾಯಿತು. ಭೀಮ ಗದೆಯನ್ನು ಜಗಲಿಗೆ ಒರಗಿಸಿದ. ಟಾರ್ಚು, ಪಾನಾ ತರಿಸಿ, ಒದ್ದೆ ನೆಲದಲ್ಲಿ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದ. ಪೆಡಲ್ ಒತ್ತಣ್ಣ ಎಂದು ಕೆಳಗಿನಿಂದ ಹೇಳಿದ. ಇವರು ಹತ್ತಿ ಕೂತು ಒತ್ತಿದರು. ಬಿಡಣ್ಣ ಎಂದ, ಬಿಟ್ಟರು. ನಾಲ್ಕೂ ಚಕ್ರ ನೋಡಿದ. ಆಯಿಲ್ ನೋಡಿದ. ಎಲ್ಲ ಸರಿಯಾಗಿದೆಯಲ್ಲ ಎಂದು ತನ್ನಲ್ಲೇ ಹೇಳಿಕೊಳ್ಳುತ್ತ ಮತ್ತೆ ಮೊದಲನೆಯ ಚಕ್ರದಿಂದ ಶುರುಮಾಡಿದ. ನನಗೆ ಅಳು ಬಂತು. ಗಾಡಿಯ ದೀಪದ ಬೆಳಕಿನಲ್ಲಿ ದ್ರೌಪದಿ, ದುಶ್ಶಾಸನ ಎಲ್ಲ ಸುಮ್ಮನೆ ನಿಂತು ಕಾಯುತ್ತಿದ್ದರು.

“ಸಾಕು ಎದ್ದು ಬಾರಪ್ಪ” ಎಂದರು ಇವರು. “ಬ್ರೇಕು ಸರಿಯಾಗೇ ಇದೆ. ನಂಗೆ ಪಕ್ಕದ್ದು ಕಾಣಲ್ಲ. ನಾರಾಯಣಮ್ಮನ್ನ ನಾನು ನೋಡ್ಲೇ ಇಲ್ಲ.”

ಮುನಿಕೃಷ್ಣ ಎದ್ದು ಬೆನ್ನಿನ ಕೆಸರು ಒರೆಸಿಕೊಂಡ. ಬಾಬಾಜಾನ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ನಿಮಗೆ ಗೊತ್ತಿತ್ತಾ ಭಾಭಿ ಎಂದು ನನ್ನನ್ನು ಕೇಳಿದರು. ಗೊತ್ತಿತ್ತು ಎಂದೆ. ಹೇಳಿದ್ದರೆ ನಾನು ರಸ್ತೆ ನೋಡಿಕೊಂಡು ಬರುತ್ತಿದ್ದೆನಲ್ಲ, ಬೆನ್ನು ತಿರುಗಿಸಿ ಕಥೆ ಹೇಳುತ್ತಿದ್ದೆನೇ ಎಂದರು.

ನಾರಾಯಣಮ್ಮ ಇವರನ್ನು ಕೈಹಿಡಿದು ಊಟಕ್ಕೆ ಕರೆದೊಯ್ದರು. ಬುಡ್ಡಿದೀಪದ ಬೆಳಕಿನಲ್ಲಿ ಮುದ್ದೆ ಇಟ್ಟು, ಸಾರಿನ ಬಟ್ಟಲನ್ನು ತಟ್ಟೆಯ ಪಕ್ಕದಲ್ಲಿ ಇಡಲು ಹೋದವರು ತಡೆದು, ಅದನ್ನು ಇವರ ಎದುರಿಗೇ ಮುದ್ದೆಯ ಆಚೆಗೆ ಇಟ್ಟರು. ಬಸ್ಸಾರು ಬಹಳ ಚೆನ್ನಾಗಿತ್ತು. ನಾನು ಸೋತೆ ಎಂದು ಬಾಯಿಬಿಟ್ಟು ಹೇಳಿದೆ. ಅವರು ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಬಗ್ಗಿಸುತ್ತ, ಇವರಿಗೂ ಕೇಳುವ ಹಾಗೆ ಹೇಳಿದರು:

“ನಾನು ಹಳೇ ಮುದುಕಿ, ಗಾಡಿ ಮೈಮೇಲೆ ಬಂತಂತ ಹಿಂದಕ್ಕೆ ಸರ್ಕೊಂಡೆ. ಬೆಳಿಗ್ಗೆ ಅಲ್ಲಿ ಸ್ಕೂಲ್ ಮಕ್ಕಳು ನಿಂತಿರ್ತವೆ ಕಣಮ್ಮ.”

ಇವರ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು. ಗಾಡಿ ಅಷ್ಟು ಹತ್ತಿರದಲ್ಲಿ ಹಾದು ಬಂದಿತ್ತೆಂದು ನಮಗೆ ಗೊತ್ತೇ ಇರಲಿಲ್ಲ. ಹಿಂದಿನ ಗಾಜಿನಲ್ಲಿ ಕಂಡ ಆ ಎತ್ತಿದ ಕೈ ನನ್ನ ಕಣ್ಣ ಮುಂದೆ ಬಂತು.

ಊಟವಾದ ಮೇಲೆ ಇವರು ಹೊರಗೆ ಹೋಗಿ ತಾಲೀಮು ನಡೆಸಿರಪ್ಪ ಎಂದರು. ಯಾರಿಗೂ ಮನಸ್ಸಿರಲಿಲ್ಲ, ಆದರೂ ಇವರ ಮಾತಿಗಾಗಿ ನಡೆಸಿದರು. ಕರೆಂಟು ಬರುವವರೆಗೂ ಇವರು ಡ್ರೈವರ್ ಸೀಟಿನಲ್ಲಿ ಕೂತು ದೀಪ ಉರಿಸಿದರು. ಬಂದ ಮೇಲೆ ಸ್ವಿಚ್ ಆರಿಸಿ, ಕೀಲಿಕೈ ಕಿತ್ತು, ಬಾಗಿಲು ಹಾಕಿ ಇಳಿದು ಬಂದು ಅದನ್ನು ಮುನಿಕೃಷ್ಣನ ಕೈಗೆ ಕೊಟ್ಟರು.

ಬೆಳಗ್ಗೆ ಮುನಿಕೃಷ್ಣ ತಾನೇ ಗಾಡಿ ಓಡಿಸಿ ನಮ್ಮನ್ನು ಮನೆಗೆ ಮುಟ್ಟಿಸುತ್ತೇನೆಂದು ಬಂದ. ಬೇಡ, ಬಿಡುವಾದಾಗ ಗಾಡಿ ತಂದುಬಿಡು, ನಾವು ಬಸ್ಸಿಗೆ ಹೋಗುತ್ತೇವೆ ಎಂದರು. ಹಾಲ್ಟ್ ಬಸ್ಸು ಈಗಲೂ ಬರುತ್ತದೆ. ರಾತ್ರಿ ನಾಟಕದ ಗಲಾಟೆಯ ಆಚೆ, ಊರಬಾಗಿಲಲ್ಲಿ ನಿಂತಿತ್ತು. ಮಂಜು ದಟ್ಟವಾಗಿತ್ತು. ಎಳೆಯ ವಯಸ್ಸಿನ ಡ್ರೈವರ್ ಗಾಜು ಒರೆಸುತ್ತಿದ್ದ. ಬಾಬಾಜಾನ್ ಅವನಿಗೆ ಇವರ ಪರಿಚಯ ಹೇಳಲು ಮುಂದಾದಾಗ ಇವರು ತೋಳು ಹಿಡಿದು ತಡೆದರು. ನಾರಾಯಣಮ್ಮ ನನಗೆ ಒಂದು ಸೇರು ಹುರುಳಿಕಾಳು ಕಟ್ಟಿಕೊಟ್ಟರು. ಕ್ರಾಸಿನ ಬೇವಿನ ಮರದ ಕೆಳಗೆ ನಿಜವಾಗಿಯೂ ಏಳೆಂಟು ಮಕ್ಕಳು ಚೀಲ ಹೊತ್ತು ನಿಂತಿದ್ದವು. ಬಸ್ಸು ನಿಂತಿತು, ಹತ್ತಿದವು. ಇವರು ತಲೆ ತಗ್ಗಿಸಿಕೊಂಡು ಕೂತಿದ್ದರು.

ಚಿಂತಾಮಣಿಯಲ್ಲಿ ಬಾಬಾಜಾನ್ ಶಿಡ್ಲಘಟ್ಟದ ಬಸ್ಸು ಹಿಡಿದರು. ಹೋಗುವ ಮುಂಚೆ ಇವರ ಎರಡೂ ಕೈ ಒಮ್ಮೆ ಹಿಡಿದುಕೊಂಡು ಹತ್ತಿಬಿಟ್ಟರು. ಸೀದಾ ಮನೆಗೆ ಹೋಗೋಣವೇ ಎಂದು ಕೇಳಿದೆ. ಕೈವಾರ ತೋರಿಸುತ್ತೇನೆಂದು ಹೇಳಿದ್ದೇನಲ್ಲ ಎಂದರು. ಹಾಗಾಗಿ ಹೋದೆವು. ಮಠದಲ್ಲಿ ತಂಬೂರಿ ಹಿಡಿದು ನಾಲ್ಕೈದು ಜನ ತೆಲುಗಿನ ತತ್ವಪದ ಹಾಡುತ್ತಿದ್ದರು. ಇವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳಿದರು. ಪ್ರಸಾದದ ಅನ್ನ ಸಾರು ಬಿಸಿಯಾಗಿತ್ತು. ಬೆಟ್ಟದ ಗವಿ ನೋಡಿಬರುವಂತೆ ಯಾರೋ ಹೇಳಿದರು. ಮೆಟ್ಟಿಲು ಎಂದ ಕೂಡಲೇ ನಾನು ಬೇಡವೆಂದೆ. ಮೋಡ ಹಾಗೇ ಇತ್ತು, ಮಳೆ ಬರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹತ್ತುವ ಹೊತ್ತಿಗೆ ಸಂಜೆಯಾಗಿತ್ತು. ಇಬ್ಬರಿಗೂ ಸೇರಿ ನಲವತ್ತು ರೂಪಾಯಿ ಟಿಕೆಟ್. ಕಿಟಕಿಯ ಪಕ್ಕ ಇವರನ್ನು ಕೂರಿಸಹೋದರೆ, ಪಕ್ಕದ್ದು ನೀನೇ ನೋಡು ಎಂದು ನನ್ನನ್ನು ಒಳಗೆ ಕಳಿಸಿದರು. ಬಸ್ಸು ಊರು ದಾಟಿದ ಮೇಲೆ ಗಮನಿಸಿದೆ, ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ತಿರುವು ಬರುವ ಮುಂಚೆ ಒತ್ತುವುದು, ಹಂಪ್ ಬರುವ ಮುಂಚೆ ಒತ್ತುವುದು, ಎದುರಿಗೆ ಲಾರಿ ಬಂದರೆ ಒತ್ತಿ ಹಿಡಿಯುವುದು. ಡ್ರೈವರ್ ಬ್ರೇಕ್ ಹಾಕುವುದಕ್ಕಿಂತ ಒಂದು ಉಸಿರು ಮೊದಲೇ ಇವರದು ಬೀಳುತ್ತಿತ್ತು. ಪಕ್ಕದ ಸೀಟಿನ ಹೆಂಗಸು ಇವರ ಕಾಲನ್ನೇ ನೋಡುತ್ತಿದ್ದಳು. ನಾನು ನಾಚಿಕೆಯಿಂದ ಇವರ ಮೊಣಕಾಲ ಮೇಲೆ ಕೈಯಿಟ್ಟೆ. ಕೈಯ ಕೆಳಗೂ ಅದು ತನ್ನ ಪಾಡಿಗೆ ಒತ್ತುತ್ತಲೇ ಇತ್ತು.

ಮಂಚೇನಹಳ್ಳಿಯಲ್ಲಿ ಜನ ಇಳಿದು ಬಸ್ಸು ಖಾಲಿಯಾಯಿತು. ಹೊರಗೆ ಮಬ್ಬುಗತ್ತಲೆ. ಅಲ್ಲಿಂದ ಮುಂದೆ ಒಂದು ತಿರುವು ಕಳೆಯಿತು, ಇನ್ನೊಂದು ಕಳೆಯಿತು, ನನ್ನ ಕೈಯ ಕೆಳಗೆ ಏನೂ ಅಲುಗಲಿಲ್ಲ. ನಿದ್ದೆ ಹತ್ತಿರಬೇಕೆಂದು ಮುಖ ನೋಡಿದೆ. ಎಚ್ಚರವಾಗಿಯೇ ಇದ್ದರು. ಕಣ್ಣು ತೆರೆದು ನೇರ ಮುಂದೆ ನೋಡುತ್ತಿದ್ದರು. ರೀ ಎಂದೆ. ಹೂಂ ಎಂದರು. ಕೆರೆ ಏರಿಯ ಮೇಲೆ ಎದುರಿನಿಂದ ಲಾರಿಯೊಂದು ಎರಡೂ ದೀಪ ಉರಿಸಿಕೊಂಡು ಬಂತು. ಇವರ ಕಾಲು ಚಪ್ಪಲಿಯಲ್ಲಿ ಸುಮ್ಮನೆ ಇತ್ತು. ನಾನು ನನ್ನ ಕಾಲಿನಿಂದ ನೆಲವನ್ನು ಬಲವಾಗಿ ಒತ್ತಿ ಹಿಡಿದೆ.